ಮುಟ್ಬೇಡಿ, ಅಂಟುತ್ತೆ!

ನಮ್ಮ ಭಾವ ಕೂತಿದ್ದನ್ನು ಕಂಡವರು ಕಡಿಮೆ. ಅವರ ಮದುವೆಯ ಫೋಟೊದಲ್ಲಿ ಅಕ್ಕ ಕುರ್ಚಿಯ ಮೇಲೆ ಕೂತಿದ್ದಾಳೆ, ಪಕ್ಕದ ಕುರ್ಚಿ ಖಾಲಿ. ಭಾವ ಹಿಂದೆ ನಿಂತು, ಗೋಡೆಯ ಮೇಲಿನ ಕಲೆಯೊಂದನ್ನು ಫೋಟೊಗ್ರಾಫರನಿಗೆ ಬೆರಳು ಮಾಡಿ ತೋರಿಸುತ್ತಿದ್ದಾರೆ. ಊಟವನ್ನು ನಿಂತೇ ಮುಗಿಸುತ್ತಾರೆ. ಪೇಪರನ್ನು ನಡೆಯುತ್ತಾ ಓದುತ್ತಾರೆ. ಹಾಗಾಗಿ ಮೊದಲ ಪುಟ ಅಡುಗೆಮನೆಯಲ್ಲೂ ಕ್ರೀಡಾಪುಟ ಬಚ್ಚಲಿನಲ್ಲೂ ಸಿಗುತ್ತದೆ. ನಾನು ಅಕ್ಕನ ತಮ್ಮ. ಅವರ ಮಹಡಿಯ ಕೋಣೆಗೆ 'ನಾಲ್ಕು ದಿನ ಇದ್ದು ಹೋಗ್ತೀನಿ' ಅಂತ ಬಂದು ಒಂಬತ್ತು ವರ್ಷವಾಯಿತು. ಆದ್ದರಿಂದ ನನ್ನ ಸಾಕ್ಷಿಯನ್ನು ಯಾರೂ ಅನುಮಾನಿಸುವಂತಿಲ್ಲ.

ಭಾವ ಬಣ್ಣದ ಮೇಸ್ತ್ರಿ. ಅವರಿಗೆ ಎರಡು ಹೆಮ್ಮೆ. ಇಪ್ಪತ್ತೈದು ವರ್ಷದಲ್ಲಿ ಮೈಮೇಲೆ ಒಂದು ಹನಿ ಬಣ್ಣ ಬೀಳಿಸಿಕೊಂಡಿಲ್ಲ ಅನ್ನುವುದು ಮೊದಲನೆಯದು. ಬಿಳಿ ಅಂಗಿಯಲ್ಲಿ ಕೆಲಸಕ್ಕೆ ಹೋಗಿ ಅದೇ ಬಿಳುಪಿನಲ್ಲಿ ಮನೆಗೆ ಬರುವ ಮೇಸ್ತ್ರಿ ಇಡೀ ಪೇಟೆಗೆ ಇವರೊಬ್ಬರೇ. ಸಂಜೆ ಬೀದಿಯ ತಿರುವಿನಿಂದಲೇ ಕಾಲರ್ ಎತ್ತಿ ತೋರಿಸುತ್ತಾ ಬರುತ್ತಾರೆ. ಎರಡನೆಯದು, ಒಣಗಿದ ಗೋಡೆಯ ವಿಷಯದಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಅನ್ನುವುದು.

"ಒಣ ಗೋಡೆ ಅಂದ್ರೆ ಬಾಯಾರಿದ ಗೋಡೆ ಕಣಯ್ಯ," ಅಂತ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. "ನೀನು ಹಚ್ಚಿದ್ದನ್ನೆಲ್ಲ ಗಟಗಟ ಕುಡಿಯುತ್ತೆ, ಆಮೇಲೆ ಚಕ್ಕೆ ಚಕ್ಕೆಯಾಗಿ ಉಗುಳುತ್ತೆ. ಮೊದಲು ಪ್ರೈಮರ್ ಕುಡಿಸು. ಕಾಯಿ. ಆಮೇಲೆ ತೆಳ್ಳಗೆ ಹಚ್ಚು."

ಗೋಡೆಯ ಮುಂದೆ ಮಾತ್ರ ಅವರು ಕಾಯಬಲ್ಲರು. ಅದೂ ಶತಪಥ ಹಾಕುತ್ತಾ.

ಇಪ್ಪತ್ತೈದು ವರ್ಷ ಗೋಡೆ ಉಜ್ಜಿ, ಧೂಳು ಕುಡಿದು, ಥಿನ್ನರ್ ಗಾಳಿ ಸೇವಿಸಿ ಭಾವನ ಮುಖ ಮಾತ್ರ ಒಣಗಿ ಬಿರುಕು ಬಿಟ್ಟಿತ್ತು. ಚಳಿಯ ದಿನಗಳಲ್ಲಿ ಮೂಗಿನ ಎರಡೂ ಪಕ್ಕ ಬಿಳಿ ಪುಡಿ ಏಳುತ್ತಿತ್ತು. ಹೋದ ವರ್ಷ ಬಣ್ಣಗಾರರ ಸಂಘದ ಫೋಟೊ ಬಂದಾಗ ಕಾರ್ಯದರ್ಶಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಮೇಸ್ತ್ರಿಗಳೇ, ನಿಮ್ಮ ಹಿಂದಿನ ಗೋಡೆ ಬಹಳ ಚೆನ್ನಾಗಿ ಬಂದಿದೆ" ಅಂದುಬಿಟ್ಟ. ಆ ಮಾತು ಭಾವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈ ವರ್ಷದ ಫೋಟೊ ನಾನು ಹೇಳಹೊರಟ ದಿನ ಬೆಳಿಗ್ಗೆ ಹತ್ತು ಗಂಟೆಗೆ. ಈ ಸಲ ಭಾವ ಉಪಾಧ್ಯಕ್ಷರು, ಮಧ್ಯದ ಕುರ್ಚಿ ಬೇರೆ.

ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಅವರ ಮಗಳಿಗೆ ಪರೀಕ್ಷೆ. ಅವಳು ಬ್ಯೂಟಿ ಪಾರ್ಲರಿನ ತರಬೇತಿಯಲ್ಲಿದ್ದಳು. ಎಲ್ಲದರಲ್ಲೂ ಪಾಸಾಗಿ ಒಂದೇ ಒಂದರಲ್ಲಿ ಬಿದ್ದಿದ್ದಳು: ಒಣ ಚರ್ಮದ ಮೇಲೆ ಫೌಂಡೇಶನ್ ಹಚ್ಚುವುದು. ಹೋದ ಸಲ ಅವಳು ಹಚ್ಚಿದ್ದು ಕಾಲು ಗಂಟೆಯಲ್ಲಿ ಬಾಯಿಯ ಸುತ್ತ ಬಿರುಕು ಬಿಟ್ಟು, ಮೂಗಿನ ಪಕ್ಕ ಮುದ್ದೆಗಟ್ಟಿತ್ತು. ಪಾರ್ಲರಿನ ಒಡತಿ ಅವಳಿಗಾಗಿ ಒಂದು ಕೆಲಸದ ಕುರ್ಚಿಯನ್ನು ಅವತ್ತಿನವರೆಗೆ ಖಾಲಿ ಇಟ್ಟಿದ್ದಳು; ಅವತ್ತೂ ಬಿದ್ದರೆ ಅದು ಬೇರೆಯವರ ಪಾಲು. ಒಣ ಚರ್ಮದವರನ್ನು ಅಭ್ಯರ್ಥಿಯೇ ಕರೆದುಕೊಂಡು ಬರಬೇಕೆಂಬುದು ಪರೀಕ್ಷೆಯ ನಿಯಮ. ಪಕ್ಕದ ಮನೆಯ ನಿವೃತ್ತ ಟೀಚರಮ್ಮನನ್ನು ಹುಡುಗಿ ಒಂದು ತಿಂಗಳು ಕಾಡಿ ಬೇಡಿ ಒಪ್ಪಿಸಿದ್ದಳು. ಟೀಚರಮ್ಮನ ಷರತ್ತು ಒಂದೇ: ಲಿಪ್‌ಸ್ಟಿಕ್ ಹತ್ತಿರಕ್ಕೂ ತರಬಾರದು. ಅವರ ಮೈಬಣ್ಣಕ್ಕೆ ಹೊಂದುವಂತೆ ಹುಡುಗಿ ಒಂದು ಬಾಟಲಿಯಲ್ಲಿ ಫೌಂಡೇಶನ್ ಬೆರೆಸಿ, ಮಧ್ಯಾಹ್ನ ಒಯ್ಯಲೆಂದು ಮನೆಯಲ್ಲೇ ಇಟ್ಟಿದ್ದಳು.

ಅವತ್ತು ಬೆಳಿಗ್ಗೆ ತಾಯಿ ಮಗಳು ಸಾಮಾನಿನ ಪೆಟ್ಟಿಗೆ ಮುಟ್ಟಿಸಿ ಬರಲು ಪಾರ್ಲರಿಗೆ ಹೋಗಿದ್ದರು. ನಾನು ಪೇಪರ್ ಹುಡುಕುತ್ತಾ ಕೆಳಗಿಳಿದೆ. ನಡುಮನೆಯ ಕನ್ನಡಿಯ ಮುಂದೆ ಭಾವ ನಿಂತಿದ್ದರು. ಕೂದಲಂಚಿನುದ್ದಕ್ಕೂ, ಬಣ್ಣ ಆಚೆ ಹೋಗದಿರಲೆಂದು ಕಿಟಕಿಯ ಚೌಕಟ್ಟಿಗೆ ಅಂಟಿಸುವ ಟೇಪು. ಕಾಲರಿನ ಸುತ್ತಲೂ ಅದೇ ಟೇಪು. ಎಡಗೈಯಲ್ಲಿ ಟೀಚರಮ್ಮನ ಬಾಟಲಿ, ಬಲಗೈಯಲ್ಲಿ ಗೋಡೆ ಉಜ್ಜುವ ಉಪ್ಪುಕಾಗದ.

"ಭಾವ! ಅದು ಮುಖ!" ಅಂತ ಕೂಗಿ ಉಪ್ಪುಕಾಗದ ಕಿತ್ತುಕೊಂಡೆ.

"ಗೊತ್ತು ಬಿಡಯ್ಯ, ನೂರೆಂಬತ್ತರ ನಂಬರು, ಬಹಳ ನಯ," ಅಂದರು. "ಹೋಗಲಿ, ಆ ಒರಟು ಟವೆಲ್ಲಾದ್ರೂ ಕೊಡು."

"ಅವಳ ಸಾಮಾನು ಯಾಕೆ ಮುಟ್ತೀರ? ಅವಳು ಬರಲಿ, ಅವಳೇ ಹಚ್ತಾಳೆ."

"ಅವಳು ಬರೋ ಹೊತ್ತಿಗೆ ಹನ್ನೊಂದು. ಫೋಟೊ ಹತ್ತಕ್ಕೆ. ಅದೂ ಅಲ್ದೆ ಮೂರಂತಸ್ತಿನ ಕಟ್ಟಡ ಹಚ್ಚಿದೋನು ನಾನು, ಅಂಗೈಯಗಲ ಮುಖ ಹಚ್ಚೋಕೆ ಮಗಳನ್ನ ಕರೀಬೇಕಾ? ಬಾಗಿಲು ಮುಂದೆ ಮಾಡು."

ಟವೆಲ್ಲಿನಿಂದ ಮುಖವನ್ನು ಗಸಗಸ ಉಜ್ಜಿದರು. ಉಜ್ಜಿದಷ್ಟೂ ಮುಖ ಇನ್ನಷ್ಟು ಒಣಗಿತು. ಅದರ ಮೇಲೆ ಬಾಟಲಿಯ ಅರ್ಧವನ್ನು ಸುರಿದುಕೊಂಡು ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಪದ್ಧತಿ ಪ್ರಕಾರ ಎಳೆದರು. ಪ್ರೈಮರಿನ ಮಾತೇ ಇಲ್ಲ, ಕಾಯುವ ಮಾತೂ ಇಲ್ಲ. ಬೇಗ ಒಣಗಲಿ ಅಂತ ಟೇಬಲ್ ಫ್ಯಾನಿನ ಮುಂದೆ ಬಗ್ಗಿದರು.

ಎರಡು ನಿಮಿಷ ಮುಖ ನಿಜಕ್ಕೂ ನುಣ್ಣಗೆ ಹೊಳೆಯಿತು. ಭಾವ ಸಂತೋಷದಿಂದ "ಹೇಗಿದೆ?" ಅಂದರು. ಆ 'ಹೇ'ಗೆ ಬಾಯಿಯ ಎಡಗಡೆ ಒಂದು ಬಿರುಕು ಬಿಟ್ಟಿತು. "ಏನಾಯ್ತು?" ಅಂದರು. ಬಲಗಡೆಯೂ ಬಿಟ್ಟಿತು. "ಏನೂ ಮಾತಾಡ್ಬೇಡಿ" ಅಂದೆ. ಮಾತಾಡದೆ ಇರುವುದು ಅವರ ಜಾತಕದಲ್ಲಿ ಬರೆದಿಲ್ಲ. ಮೂಗಿನ ಪಕ್ಕದಿಂದ ಚಕ್ಕೆಯೊಂದು ಎದ್ದು ನಿಂತಿತು. ಗಾಬರಿಯಾಗಿ ಉಳಿದರ್ಧ ಬಾಟಲಿಯನ್ನು ಅದರ ಮೇಲೆಯೇ ಬಳಿದರು. ಈಗ ಕೆಳಗಿನ ಪದರ ಒಂದು ಕಡೆ ಸರಿಯಿತು, ಮೇಲಿನದು ಇನ್ನೊಂದು ಕಡೆ. ಟೇಪು ಕಿತ್ತಾಗ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ. ನಡುವೆ ಮಾತ್ರ ಗೆರೆ ಕೊರೆದಷ್ಟು ನೇರವಾಗಿತ್ತು. ಕೆಲಸಗಾರಿಕೆ ಅಂದರೆ ಅದು!

"ಬೆಳಕು ಸಾಲ್ದು, ಹೊರಗೆ ಹೋಗಿ ನೋಡೋಣ," ಅಂತ ಕೈಗನ್ನಡಿ ಹಿಡಿದು ಅಂಗಳಕ್ಕೆ ನುಗ್ಗಿದರು. ನಾನು ತಡೆಯುವಷ್ಟರಲ್ಲಿ ಗೇಟಿನ ಹತ್ತಿರ ಇದ್ದರು. ಗೇಟಿನ ಆಚೆ ಟೀಚರಮ್ಮ ಕುಂಡಗಳಿಗೆ ನೀರು ಹಾಕುತ್ತಿದ್ದರು.

"ಅಯ್ಯೋ, ಏನ್ರೀ ಇದು ಮುಖಕ್ಕೆ?" ಅಂತ ಟೀಚರಮ್ಮ ಕನ್ನಡಕ ಸರಿಮಾಡಿಕೊಂಡರು.

ಭಾವ ಬಣ್ಣದ ಮೇಸ್ತ್ರಿ. 'ಬಣ್ಣ ಸಿಡೀತು' ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತೈದು ವರ್ಷ ಒಂದು ಹನಿ ಬೀಳಿಸಿಕೊಳ್ಳದವರು ಹಾಗೆ ಹೇಗೆ ಅಂದಾರು? 'ಮಗಳ ಮೇಕಪ್ ಹಚ್ಚಿಕೊಂಡೆ' ಅನ್ನುವುದಕ್ಕಿಂತ ಬಾವಿ ಹಾರುವುದು ವಾಸಿ. ಅವರು ತಡವರಿಸುತ್ತಿರುವಾಗಲೇ ಟೀಚರಮ್ಮ ಗೇಟಿನ ಮೇಲಿಂದ ಕೈ ಚಾಚಿ ಕೆನ್ನೆಯ ಹತ್ತಿರಕ್ಕೆ ಬೆರಳು ತಂದರು. ಬೆರಳಿಗೆ ಬಣ್ಣ ಮೆತ್ತಿದರೆ ಗುಟ್ಟು ರಟ್ಟು!

"ಮುಟ್ಬೇಡಿ, ಅಂಟುತ್ತೆ!" ಅಂತ ಭಾವ ಕಿರುಚಿದರು.

ಅದು ಅಪ್ಪಟ ಸತ್ಯ. ಅಂಟಿಯೇ ಅಂಟುತ್ತಿತ್ತು, ಇನ್ನೂ ಹಸಿಯಾಗಿತ್ತು. ಆದರೆ ಟೀಚರಮ್ಮ ಕೇಳಿಸಿಕೊಂಡ 'ಅಂಟುತ್ತೆ' ಬೇರೆ. ಅವರ ಕೈಯಿಂದ ನೀರಿನ ಚೊಂಬು ಬಿತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದು ಮನೆಯೊಳಗೆ ಸೇರಿ ಚಿಲಕ ಹಾಕಿಕೊಂಡರು. ಮೂವತ್ತು ವರ್ಷ ಕೊನೇ ಬೆಂಚಿಗೂ ಕೇಳುವಂತೆ ಪಾಠ ಮಾಡಿದವರು. ಒಳಗೆ ಫೋನಿನಲ್ಲಿ ಆಡಿದ್ದು ಇಡೀ ಬೀದಿಗೆ ಕೇಳಿಸಿತು. "ಹೌದಪ್ಪ, ಅಂಟುರೋಗ! ಚರ್ಮ ಉದುರ್ತಾ ಇದೆ! ಮುಖ ಪೂರ್ತಿ ಮುಗಿದು ಈಗ ಕುತ್ತಿಗೆಗೆ ಇಳೀತಾ ಇದೆ!"

"ಹೋಗಿ ನಿಜ ಹೇಳಿ ಬನ್ನಿ, ಭಾವ," ಅಂದೆ.

"ರೋಗ ಅಂದ್ರೆ ನಾಳೆಗೆ ವಾಸಿಯಾಗುತ್ತೆ ಕಣಯ್ಯ. ಮೇಕಪ್ ಅಂದ್ರೆ ಸಾಯೋವರೆಗೂ ವಾಸಿಯಾಗಲ್ಲ," ಅಂದರು ಭಾವ. ಬದುಕಿನಲ್ಲಿ ಅವರು ಆಡಿದ ಕೆಲವೇ ಕೆಲವು ತೂಕದ ಮಾತುಗಳಲ್ಲಿ ಅದೂ ಒಂದು.

ಮುಖ ತೊಳೆಯಲು ಬಚ್ಚಲಿಗೆ ಹೊರಟವರನ್ನು ಗೇಟಿನಿಂದ ಬಂದ ಗೋಳು ನಿಲ್ಲಿಸಿತು. ಹಿಂದಿನ ಬೀದಿಯ ಅವರ ಅಣ್ಣ ಸುದ್ದಿ ಕೇಳಿ ಬಂದಿದ್ದರು. ಒಂದು ಏಣಿಯ ದೆಸೆಯಿಂದ ಅಣ್ಣ ತಮ್ಮಂದಿರಿಗೆ ಆರು ವರ್ಷದಿಂದ ಮಾತಿರಲಿಲ್ಲ. ಒಂದು ದಿನಕ್ಕೆ ಅಂತ ಒಯ್ದ ಏಣಿಯನ್ನು ಅಣ್ಣ ತಿರುಗಿ ಕೊಟ್ಟಿರಲಿಲ್ಲ. ಈಗ ಅದೇ ಏಣಿಯನ್ನು ಹೆಗಲ ಮೇಲೆ ಹೊತ್ತು, ಕಣ್ಣೀರು ಸುರಿಸುತ್ತಾ, ಸರಿಯಾಗಿ ಏಣಿಯಷ್ಟೇ ದೂರದಲ್ಲಿ ನಿಂತಿದ್ದರು.

"ತಗೊಳೋ ತಮ್ಮ, ನಿನ್ನ ಏಣಿ! ನಿನ್ನ ಕೈಗೆ ಕೊಡದೆ ನಾನು ಹೇಗೆ ಬದುಕಿರಲಿ?" ಅಂತ ಏಣಿಯ ಒಂದು ತುದಿಯನ್ನು ಗೇಟಿನೊಳಕ್ಕೆ ತಳ್ಳಿ, ಭಾವ ಅದನ್ನು ಹಿಡಿದದ್ದೇ ತಡ, ಇನ್ನೊಂದು ತುದಿ ಬಿಟ್ಟು ಕೈ ಕೊಡವಿಕೊಂಡರು.

ಆರು ವರ್ಷದ ಏಣಿ ಕೈಗೆ ಬಂದಾಗ ಭಾವನ ಕಣ್ಣೂ ತುಂಬಿತು. ಆ ಹನಿ ಕೆನ್ನೆಯ ಮೇಲೆ ಇಳಿದು ಉದ್ದಕ್ಕೂ ಒಂದು ಕಾಲುವೆ ಕೊರೆಯಿತು. ಬೀದಿಯಲ್ಲಿ ಸೇರಿದ್ದವರು "ಅಯ್ಯೋ, ಕರಗ್ತಾ ಇದಾರೆ!" ಅಂತ ಎರಡು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದೇಬಿಟ್ಟರು. ಅವರು ಟೀಚರಮ್ಮನ ಹಳೇ ವಿದ್ಯಾರ್ಥಿ. ಇಲ್ಲದಿದ್ದರೆ ಇಲಾಖೆ ಇಪ್ಪತ್ತು ನಿಮಿಷದಲ್ಲಿ ಬರುವುದುಂಟೇ? ಗೇಟಿನ ಆಚೆ ನಿಂತು ಫಾರಂ ತೆಗೆದರು.

"ಉದುರುವಿಕೆ?"

"ಇದೆ, ಆದ್ರೆ..."

"ಆದ್ರೆ ಅನ್ನೋಕೆ ಕಾಲಂ ಇಲ್ಲ. ತುರಿಕೆ?"

"ಇಲ್ಲ. ಸಾರ್, ಒಂದು ನಿಮಿಷ ಮುಖ ತೊಳೆದು ಬಂದ್ಬಿಡ್ತೀನಿ."

"ತೊಳೀಬೇಡಿ!" ಇನ್ಸ್‌ಪೆಕ್ಟರು ಬೆಚ್ಚಿಬಿದ್ದರು. "ಲಕ್ಷಣ ಹೋದ್ರೆ ನಾನು ರಿಪೋರ್ಟ್ ಏನಂತ ಬರೀಲಿ? ಡಾಕ್ಟ್ರು ಬಂದು ನೋಡೋವರೆಗೂ ಹಾಗೇ ಇಟ್ಕೊಳ್ಳಿ. ಏಳು ದಿನ ಯಾರೂ ಒಳಗೆ ಹೋಗೋ ಹಾಗಿಲ್ಲ, ಹೊರಗೆ ಬರೋ ಹಾಗಿಲ್ಲ. ಗೇಟಿಗೆ ನೋಟಿಸ್ ಹಾಕ್ತೀನಿ. ಅಂಟು ಇದೆಯಾ ಮನೇಲಿ?"

"ಇದೆ ಅಂತಲೇ ಅಲ್ವೇನಪ್ಪ ನಿನ್ನ ಕರೆದಿದ್ದು?" ಅಂದರು ಟೀಚರಮ್ಮ ಕಿಟಕಿಯಿಂದ.

"ಅದಲ್ಲ ಮೇಡಂ, ಅಂಟಿಸೋ ಅಂಟು."

ಒಳಗಿಂದ ಗೋಂದಿನ ಡಬ್ಬಿ ತಂದುಕೊಟ್ಟೆ. ನೋಟಿಸು ಗೇಟಿಗೆ ಏರಿತು. ಟೀಚರಮ್ಮ ಕಿಟಕಿಯಿಂದಲೇ ಓದಿ, "ರೋಗಕ್ಕೆ ದೀರ್ಘ ಕೊಡೋ, ಇನ್ನೂ ನೀನು ಕಲೀಲಿಲ್ವಲ್ಲ," ಅಂದರು. ಇನ್ಸ್‌ಪೆಕ್ಟರು ನಾಚಿಕೊಂಡು ದೀರ್ಘ ಕೊಟ್ಟರು.

ಆಗಲೇ ಅಕ್ಕ ಮತ್ತು ಮಗಳು ಬಂದರು. ಗಂಟೆ ಹನ್ನೊಂದೂ ಕಾಲು.

"ಒಳಗಿನವರು ಹೊರಗೆ ಬರೋ ಹಾಗಿಲ್ಲ, ಹೊರಗಿನವರು ಒಳಗೆ ಹೋಗೋ ಹಾಗಿಲ್ಲ," ಅಂದರು ಇನ್ಸ್‌ಪೆಕ್ಟರು. "ನೀವು ಬೆಳಿಗ್ಗೆ ಒಳಗಿದ್ರಿ, ಈಗ ಹೊರಗಿದೀರ. ಅಂದ್ರೆ ನೀವು..." ಫಾರಮ್ಮನ್ನು ತಿರುವಿದರು, ಮಗುಚಿದರು. "ಒಳಗೆ ಹೋಗಿ, ಆಮೇಲೆ ಹೊರಗೆ ಬರ್ಬೇಡಿ."

"ನನಗೆ ಎರಡು ಗಂಟೆಗೆ ಪರೀಕ್ಷೆ ಇದೆ ಸಾರ್!" ಅಂದಳು ಹುಡುಗಿ.

"ಮುಂದಿನ ಸಲ ಬರೀರಮ್ಮ."

"ಮುಂದಿನ ಸಲ ಇಲ್ಲ ಸಾರ್. ಇವತ್ತೇ ಕೊನೆ." ಅವಳು ಕಿಟಕಿಯ ಕಡೆ ತಿರುಗಿದಳು. "ಟೀಚರಮ್ಮ, ನೀವಾದ್ರೂ ಹೇಳಿ..."

"ನನ್ನನ್ನ ಬಿಟ್ಬಿಡು ಮಗಳೇ, ನಿಮ್ಮಪ್ಪನ ಮುಖ ನೋಡು!" ಅಂತ ಕಿಟಕಿ ಮುಚ್ಚಿತು.

ಹುಡುಗಿ ಅಪ್ಪನ ಮುಖ ನೋಡಿದಳು. ಕಾಲುವೆ, ಬಿರುಕು, ಚಕ್ಕೆ, ಕುತ್ತಿಗೆಯ ನೇರ ಗೆರೆ ಎಲ್ಲವನ್ನೂ ನೋಡಿದಳು. ಆ ಬಣ್ಣವನ್ನು ಮೂರು ದಿನ ಕೂತು ಬೆರೆಸಿದವಳು ಅವಳು. ಗುರುತು ಹತ್ತದೆ ಇರುತ್ತದೆಯೇ? ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬೀದಿಯ ಎದುರು ಅಪ್ಪನ ಮಾನ ತೆಗೆಯಲೂ ಇಲ್ಲ. ತುಟಿ ಕಚ್ಚಿಕೊಂಡು ಕೆಳಗೆ ನೋಡುತ್ತಾ ನಿಂತಳು. ಭಾವನಿಗೆ ಏನಾಯಿತೋ, ಅವರ ಕಾಲುಗಳು ಮೊದಲ ಬಾರಿಗೆ ನೆಲದ ಮೇಲೆ ಸುಮ್ಮನೆ ನಿಂತಿದ್ದವು.

"ಇನ್ಸ್‌ಪೆಕ್ಟ್ರೇ, ಬರ್ಕೊಳ್ಳಿ," ಅಂದರು ಭಾವ. "ಇದು ರೋಗ ಅಲ್ಲ. ಬಣ್ಣ."

ಟೀಚರಮ್ಮನ ಕಿಟಕಿ ತೆರೆಯಿತು. "ಏನು? ನಿಮ್ಮ ಮೈಮೇಲೆ ಬಣ್ಣ ಬಿತ್ತಾ?"

"ಬಿದ್ದಿದ್ದಲ್ಲ ಟೀಚರಮ್ಮ." ಭಾವ ಉಗುಳು ನುಂಗಿದರು. "ಹಚ್ಕೊಂಡಿದ್ದು. ಮಗಳ ಫೌಂಡೇಶನ್ನು. ಸಂಘದ ಫೋಟೊದಲ್ಲಿ ಚೆನ್ನಾಗಿ ಕಾಣ್ಲಿ ಅಂತ."

ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ, ಕೊನೆಗೆ ಭಾವನನ್ನು ಬಿಟ್ಟರೆ ನಗದೆ ಉಳಿದವರು ಮೂವರೇ. ಇನ್ಸ್‌ಪೆಕ್ಟರು 'ಹಚ್ಚಿಕೊಂಡಿದ್ದು' ಅನ್ನುವುದಕ್ಕೆ ಕಾಲಂ ಹುಡುಕುತ್ತಿದ್ದರು. ಅಣ್ಣ "ಹಾಗಾದ್ರೆ ಏಣಿ ಈಚೆ ಕೊಡೋ" ಅಂತ ಗೇಟಿನೊಳಕ್ಕೆ ಕೈ ಹಾಕಿದ್ದರು. ಹುಡುಗಿ ಮಾತ್ರ ಟೀಚರಮ್ಮನ ಕಿಟಕಿಯ ಕೆಳಗೆ ಓಡಿದ್ದಳು.

"ಬರ್ತೀನಮ್ಮ, ಬರಲ್ಲ ಅಂತೀನಾ?" ಅಂತ ಟೀಚರಮ್ಮ ಹೊರಗೆ ಬಂದರು. ಅವರನ್ನು ನೋಡಿ ಹುಡುಗಿ ಅಲ್ಲೇ ಕುಸಿದಳು. ರೋಗ ತಗುಲದಿರಲೆಂದು ಟೀಚರಮ್ಮ ಅರ್ಧ ಬಾಟಲಿ ಎಣ್ಣೆಯನ್ನು ಮುಖಕ್ಕೆ ತಿಕ್ಕಿಕೊಂಡಿದ್ದರು. ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಒಣ ಚರ್ಮ ಅಂತ ಆ ಮುಖವನ್ನು ಯಾವ ಪರೀಕ್ಷಕರೂ ಒಪ್ಪುವಂತಿರಲಿಲ್ಲ.

"ಈಗ ಒಣಗಿರೋ ಮುಖ ಎಲ್ಲಿಂದ ತರ್ಲಿ, ಮಾಮ?" ಅಂತ ಹುಡುಗಿ ನನ್ನನ್ನು ಕೇಳಿದಳು.

ನಾನೂ ಬೀದಿಯವರೂ ಒಟ್ಟಿಗೆ ಭಾವನ ಕಡೆ ತಿರುಗಿದೆವು.

ಎರಡು ಗಂಟೆಗೆ ಪಾರ್ಲರಿನ ಹಾಲಿನಲ್ಲಿ ಸಾಲಾಗಿ ಎಂಟು ಕುರ್ಚಿ. ಏಳರಲ್ಲಿ ಹೆಂಗಸರು, ಎಂಟನೆಯದರಲ್ಲಿ ಇನ್ಸ್‌ಪೆಕ್ಟರ ಎದುರೇ ಮುಖ ತೊಳೆದು ಬಿಡುಗಡೆ ಪಡೆದ, ಬಿಳಿ ಅಂಗಿಯ ನಮ್ಮ ಭಾವ. ಪರೀಕ್ಷಕಿ ನಿಯಮಾವಳಿಯನ್ನು ಎರಡು ಸಲ ಓದಿ, "ಒಣ ಚರ್ಮ ಅಂತಷ್ಟೇ ಇದೆ, ಯಾರದು ಅಂತ ಇಲ್ಲ," ಅಂದರು. ಮುಕ್ಕಾಲು ಗಂಟೆ ಅಲುಗಾಡಬಾರದು. ನಾನು ಕನ್ನಡಿ ಹಿಡಿಯುವ ನೆಪದಲ್ಲಿ ಪಕ್ಕದಲ್ಲಿ ನಿಂತೆ; ನಿಜವಾದ ಕಾರಣ, ಭಾವ ಎದ್ದರೆ ಹಿಡಿದು ಕೂರಿಸುವುದು.

ಅವಳ ಪೆಟ್ಟಿಗೆಯಲ್ಲಿ ಬೇರೆ ಬೇರೆ ಬಣ್ಣದ ಸಣ್ಣ ಬಾಟಲಿಗಳಿದ್ದವು. ಎರಡನ್ನು ಬೆರೆಸಿ ಅಪ್ಪನ ಕುತ್ತಿಗೆಯ ಪಕ್ಕ ಹಿಡಿದು ನೋಡಿದಳು. ಉಗುರುಬೆಚ್ಚನೆಯ ನೀರಿನ ಬಟ್ಟೆಯನ್ನು ಮುಖದ ಮೇಲೆ ಹೊದಿಸಿದಳು. ತೆಗೆದು, ಒದ್ದೆ ಪೂರ್ತಿ ಆರುವ ಮುಂಚೆ ಕ್ರೀಮು ಹಚ್ಚಿದಳು. ಐದು ನಿಮಿಷ ಆಯಿತು. ಪಕ್ಕದ ಕುರ್ಚಿಗಳಲ್ಲಿ ಆಗಲೇ ಫೌಂಡೇಶನ್ ಏರುತ್ತಿತ್ತು. ಹುಡುಗಿ ಅತ್ತ ನೋಡಿದಳು, ಗಡಿಯಾರ ನೋಡಿದಳು. ಹೋದ ಸಲ ಅವಳು ಬಿದ್ದದ್ದು ಇದೇ ಕಡೆ. ಕಾಯಲಾರದ ಅಪ್ಪನ ಮಗಳಲ್ಲವೇ? ಆತುರದಿಂದ ಬಾಟಲಿ ತೆಗೆದಳು.

"ಬೇಡ," ಅಂದರು ಭಾವ, ತುಟಿ ಅಲುಗಿಸದೆ. "ಇನ್ನೂ ಕುಡೀತಾ ಇದೆ."

"ಅಪ್ಪ, ಹೊತ್ತಾಗ್ತಿದೆ. ಎಲ್ಲರೂ ಹಚ್ತಿದಾರೆ."

"ಹಚ್ಲಿ ಬಿಡು. ಇಪ್ಪತ್ತೈದು ವರ್ಷದ ಬಾಯಾರಿಕೆ ಇದು. ನನಗೆ ಒಳಗೆ ಗೊತ್ತಾಗ್ತಾ ಇದೆ. ಕಾಯಿ ಮಗಳೇ."

ಗೋಡೆಯೊಂದು ಎದ್ದು ಮಾತಾಡಿದ್ದರೂ ನಾನು ಅಷ್ಟು ಬೆರಗಾಗುತ್ತಿರಲಿಲ್ಲ. ಭಾವ ಕಾಯಿ ಅನ್ನುತ್ತಿದ್ದಾರೆ, ಅದೂ ಕುರ್ಚಿಯಲ್ಲಿ ಕೂತು! ಹುಡುಗಿ ಬಾಟಲಿ ಕೆಳಗಿಟ್ಟು, ಕೈ ಕಟ್ಟಿಕೊಂಡು ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು. ಇನ್ನೂ ಏಳು ನಿಮಿಷ ಕಳೆದ ಮೇಲೆ ಭಾವ, "ಈಗ," ಅಂದರು. "ತೆಳ್ಳಗೆ."

ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ಅವಳು ಎಳೆಯಲಿಲ್ಲ, ಉಜ್ಜಲಿಲ್ಲ, ತಟ್ಟಿ ತಟ್ಟಿ ಕೂರಿಸಿದಳು. ಮೂಗಿನ ಪಕ್ಕ ಇನ್ನೂ ಕಡಿಮೆ. ಟೇಪು ಗೀಪು ಏನೂ ಇಲ್ಲದೆ ಕೂದಲಂಚಿಗೂ ಕುತ್ತಿಗೆಗೂ ಬಣ್ಣವನ್ನು ಕರಗಿಸಿದಳು.

ಪರೀಕ್ಷಕಿ ಒಂದೊಂದೇ ಕುರ್ಚಿ ದಾಟಿ ಬಂದರು. ಮೂರನೇ ಕುರ್ಚಿಯಾಕೆ ನಕ್ಕಾಗ ಬಾಯಿಯ ಪಕ್ಕ ಬಿರುಕು ಬಿಟ್ಟಿತ್ತು. ಭಾವನ ಮುಂದೆ ನಿಂತು, "ನಗಿ," ಅಂದರು. ಭಾವ ನಕ್ಕರು. "ಏನಾದ್ರೂ ಮಾತಾಡಿ."

ಮುಕ್ಕಾಲು ಗಂಟೆ ಕಟ್ಟಿಹಾಕಿದ್ದ ಅಣೆಕಟ್ಟು ಒಡೆಯಿತು. ಸಂಘದ ಕಾರ್ಯದರ್ಶಿ, ಏಣಿ, ಇನ್ಸ್‌ಪೆಕ್ಟರು, ಪ್ರೈಮರು ಎಲ್ಲವೂ ಬಂದವು. ಪರೀಕ್ಷಕಿ "ಸಾಕು, ಸಾಕು" ಅಂದರೂ ನಿಲ್ಲಲಿಲ್ಲ. ಒಂದು ಗೆರೆ ಕೂಡ ಬೀಳಲಿಲ್ಲ. ಆಮೇಲೆ ಪರೀಕ್ಷಕಿ ಬಿಳಿ ಟಿಶ್ಯೂ ಕಾಗದವನ್ನು ಕೆನ್ನೆಗೆ ಒತ್ತಿ, ತೆಗೆದು, ಬೆಳಕಿಗೆ ಹಿಡಿದು ನೋಡಿದರು.

"ಅಂಟಿಲ್ಲ," ಅಂದರು. "ಪಾಸು."

ಹುಡುಗಿ ಅಪ್ಪನ ಹೆಗಲಿಗೆ ಹಣೆ ಒತ್ತಿ ಅತ್ತುಬಿಟ್ಟಳು. ಆ ಕುರ್ಚಿಯಿಂದ ಏಳಬಹುದು ಅಂತ ಎರಡು ಸಲ ಹೇಳಿದರೂ ಭಾವ ಏಳಲಿಲ್ಲ.

ಸಂಜೆ ಬೀದಿಗೆ ಬಂದಾಗ ನೋಟಿಸು ಇನ್ನೂ ಗೇಟಿನ ಮೇಲಿತ್ತು. ನಮ್ಮ ಮನೆಯ ಗೋಂದು ಅಷ್ಟು ಗಟ್ಟಿ. ಟೀಚರಮ್ಮ ಓಡಿ ಬಂದು ಈ ಸಲ ಕೇಳದೆಯೇ ಬೆರಳಿನಿಂದ ಭಾವನ ಕೆನ್ನೆ ಮುಟ್ಟಿ, ಬೆರಳು ನೋಡಿಕೊಂಡು, "ಅಯ್ಯೋ, ಏನೂ ಅಂಟಲ್ವಲ್ಲ!" ಅಂದರು. ಸಂಘದ ಕಾರ್ಯದರ್ಶಿಯೂ ಕಾದಿದ್ದ. "ಮೇಸ್ತ್ರಿಗಳೇ, ನಿಮ್ಮ ಕುರ್ಚಿ ಖಾಲಿ ಇಟ್ಟೇ ಫೋಟೊ ತೆಗೆಸಿದ್ವಿ. ಏನು ಮುಖ ಹೀಗೆ ಹೊಳೀತಿದೆ? ಯಾರ ಕೆಲಸ ಇದು?"

ಭಾವ ಹಳೇ ಅಭ್ಯಾಸದಂತೆ ಬಿಳಿ ಕಾಲರನ್ನು ಎರಡು ಬೆರಳಿನಿಂದ ಎತ್ತಿ ಅವನ ಮೂಗಿನ ಹತ್ತಿರ ಹಿಡಿದರು.

"ನನ್ನ ಮಗಳದು," ಅಂದರು. "ನೋಡು, ಒಂದು ಹನಿ ಬೀಳಿಸಿದಾಳಾ?"